ತಲೆಕೆಳಗಾದ ಒಂದು ತುಂಡು

ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ರಫ್ ಎಂಬ ವಲಸೆ ಹಕ್ಕಿಯ ಗಂಡುಗಳಲ್ಲಿ ಮೂರು ಬಗೆಯಿವೆ: ಹೆಚ್ಚಾಗಿ ಕಪ್ಪು, ಕಂದು ಬಣ್ಣದ ಕೊರಳ ಗರಿಗುಚ್ಛವಿದ್ದು ಜಾಗಕ್ಕಾಗಿ ಕಾದಾಡುವವು, ಬಿಳಿ ಕೊರಳಿನ ಸೌಮ್ಯ ಸ್ವಭಾವದವು, ಮತ್ತು ಹೆಣ್ಣಿನಂತೆಯೇ ಕಾಣುವ ಅಪರೂಪದ ವೇಷಧಾರಿಗಳು. (ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ಅಲಂಕಾರವೆಲ್ಲ ಉದುರಿಹೋಗಿರುತ್ತದೆ.) ಸುಮಾರು 38 ಲಕ್ಷ ವರ್ಷಗಳ ಹಿಂದೆ 11ನೆಯ ವರ್ಣತಂತುವಿನ ತುಂಡೊಂದು ತಲೆಕೆಳಗಾಗಿ ಕುಳಿತದ್ದೇ ಈ ಆನುವಂಶಿಕ ವ್ಯತ್ಯಾಸದ ಮೂಲವೆಂದು 2016ರಲ್ಲಿ ಅಚ್ಚಾದ ಎರಡು ಸಂಶೋಧನೆಗಳು ತೋರಿಸಿದವು. ಆ ತಿರುವು ಒಬ್ಬರಿಂದ ಬಂದರೆ ಹಕ್ಕಿ ಚೆನ್ನಾಗಿಯೇ ಬಾಳುತ್ತದೆ. ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಉಳಿಯುವುದಿಲ್ಲ, ಏಕೆಂದರೆ ಕೋಶ ವಿಭಜನೆಗೆ ಅತ್ಯಗತ್ಯವಾದ ಜೀನೊಂದು ಆ ತುಂಡಿನ ಅಂಚಿನಲ್ಲೇ ಮುರಿದಿದೆ.

ಮೂರು ಗರ್ಭಪಾತಗಳ ನಂತರ ನನ್ನ ರಕ್ತಪರೀಕ್ಷೆಯಲ್ಲಿಯೂ ಬೇರೊಂದು ವರ್ಣತಂತುವಿನಲ್ಲಿ ಇಂಥದೇ ತಿರುವು ಕಂಡುಬಂತು. ನನ್ನಲ್ಲಿ ಏನೂ ಕಳೆದುಹೋಗಿಲ್ಲವೆಂದೂ, ಆದರೆ ಅಂಡ ರೂಪುಗೊಳ್ಳುವಾಗ ಆ ತುಂಡು ತನ್ನ ಜೋಡಿಯೊಡನೆ ಹೊಂದಿಕೊಳ್ಳಲು ಸುರುಳಿ ಸುತ್ತಿಕೊಳ್ಳುವುದರಿಂದ ಕೆಲವು ಅಂಡಗಳಿಗೆ ಜೀನುಗಳು ಹೆಚ್ಚುಕಡಿಮೆಯಾಗಿ ಹಂಚಿಹೋಗುತ್ತವೆಂದೂ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹೀಗಾಗಿ ಐವಿಎಫ್‌ನಲ್ಲಿ ಐದಾರು ದಿನದ ಭ್ರೂಣದ ಹೊರಪದರದಿಂದ ಕೆಲವೇ ಕೋಶಗಳನ್ನು ತೆಗೆದು ಪರೀಕ್ಷಿಸಿದ ಮೇಲೆ ಗರ್ಭಕೋಶಕ್ಕೆ ಸೇರಿಸುತ್ತಾರೆ.

ನಮ್ಮ ನಾಲ್ಕು ಭ್ರೂಣಗಳ ವರದಿ ಮುಂದಿನ ವಾರ ಬರಲಿದೆ.