ಮಳವಳ್ಳಿ ಸೀಮೆಯ ಕೆರೆಯಂಗಳದಲ್ಲಿ ಫ್ಲೈ ಕ್ಯಾಸ್ಟಿಂಗ್ ಪಾಠ

ಮೈಸೂರು ಬಿಟ್ಟು ಬನ್ನೂರು ದಾಟಿ ಮಳವಳ್ಳಿಯ ಕಡೆಗೆ ಹೊರಳುವಷ್ಟರಲ್ಲಿ ಆಷಾಢದ ಗಾಳಿ ಜೋರಾಗಿತ್ತು. ರಸ್ತೆಯ ಇಕ್ಕೆಲದ ಕಬ್ಬಿನ ಗರಿಗಳೆಲ್ಲ ಪೂರ್ವಕ್ಕೆ ಬಾಗಿದ್ದವು. ಫ್ಲೈ ಕ್ಯಾಸ್ಟಿಂಗ್, ಅಂದರೆ ಹುಳುವಿನಂಥ ಹಗುರವಾದ ಫ್ಲೈಯನ್ನು ಲೈನ್ ಎಂಬ ದಪ್ಪ ದಾರದ ಭಾರದಿಂದ ಬೀಸುವ ವಿದ್ಯೆ, ಕಲಿಯಹೊರಟವರಿಗೆ ಇದಕ್ಕಿಂತ ಕಷ್ಟದ ಕಾಲವಿಲ್ಲ ಎಂದು ಜೊತೆಗಿದ್ದ ಗೆಳೆಯರು ಆತಂಕಪಟ್ಟರು. ಆದರೆ ಕಲಿಸುವವರೇ ಈ ತಿಂಗಳನ್ನು ಗೊತ್ತುಮಾಡಿದ್ದರು. ಗಾಳಿಯಿಲ್ಲದ ದಿನ ಕಲಿತದ್ದು ನದಿಯ ದಡದಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ಅಭಿಪ್ರಾಯ.

ಗಾಳದ ಮೀನು ಬೇಟೆಗೂ ಮೈಸೂರಿಗೂ ಹಳೆಯ ನಂಟಿದೆ. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್, ಅಂದರೆ ಸುಮಾರು 54 ಕಿಲೋ ತೂಕದ ಬಿಳಿಮೀನು, ಇಂದಿಗೂ ಗಾಳ ಹಾಕುವವರ ಮಾತಿನಲ್ಲಿ ಬಂದೇ ಬರುತ್ತದೆ. ನಾವು ಹೊರಟದ್ದು ಮಾತ್ರ ಮೀನಿಗಾಗಿ ಅಲ್ಲ. ಬೀಸುವುದನ್ನು ಅದರ ಸಲುವಾಗಿಯೇ ಕಲಿಯಬೇಕು, ಮೊದಲ ಹೆಜ್ಜೆಯಿಂದ ಕಠಿಣವಾದ ವರಸೆಗಳವರೆಗೆ ಕ್ರಮವಾಗಿ ಕಲಿಯಬೇಕು ಎಂಬ ಆಸೆ ಬಹಳ ಕಾಲದಿಂದ ಇತ್ತು.

ನಮಗೆ ಕಲಿಸಿದವರು ಮಳವಳ್ಳಿ ತಾಲ್ಲೂಕಿನ ಒಬ್ಬ ರೈತರು. ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ಅವರು ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದರು, ಬೇಯಿಸಿದ ರಾಗಿಹಿಟ್ಟಿನ ಉಂಡೆ ಕಟ್ಟಿ ಅತಿಥಿಗಳ ಗಾಳಕ್ಕೆ ಸಿಕ್ಕಿಸಿ ಕೊಡುತ್ತಿದ್ದರು. ಫ್ಲೈ ರಾಡ್ ತರುತ್ತಿದ್ದವರು ಅಪರೂಪ. ಅಂಥವರು ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಆಮೇಲೆ ಸ್ವಂತವಾಗಿ ಅಭ್ಯಾಸ ಮಾಡಿ ಅವರು ಈ ವಿದ್ಯೆಯನ್ನು ಒಲಿಸಿಕೊಂಡಿದ್ದಾರೆ. ನಾವು ಅವರನ್ನು ಅಣ್ಣ ಎಂದೇ ಕರೆದೆವು. ಕೆರೆಯ ಮೀನಿನ ಗುತ್ತಿಗೆ ಹಿಡಿದವರಿಗೆ, ಬರುವವರ ಬಳಿ ಗಾಳದ ಕೊಕ್ಕೆಯೇ ಇರುವುದಿಲ್ಲ ಎಂದು ಅವರು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು.

ಸಾಮಾನ್ಯ ಗಾಳದಲ್ಲಿ ತುದಿಯ ಸೀಸದ ಗುಂಡೋ ಎರೆಯೋ ಭಾರವಾಗಿದ್ದು, ಅದು ಹಾರುವಾಗ ದಾರವನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ಇದು ತಿರುವುಮುರುವು. ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳುವಿನಂಥ ಫ್ಲೈಗೆ ತೂಕವೇ ಇಲ್ಲ. ತೂಕವಿರುವುದು ದಪ್ಪನೆಯ ಲೈನಿಗೆ. ನಾವು ಬಳಸಿದ ಆರನೇ ನಂಬರಿನ ಲೈನಿನ ಮೊದಲ 30 ಅಡಿಯ ತೂಕ 160 ಗ್ರೇನ್, ಎಂದರೆ ಹತ್ತು ಗ್ರಾಂಗಿಂತ ತುಸು ಹೆಚ್ಚು. ಆ ತೂಕ ಎಳೆದಾಗ 9 ಅಡಿಯ ರಾಡ್ ಬಿಲ್ಲಿನಂತೆ ಬಾಗುತ್ತದೆ, ನಿಲ್ಲಿಸಿದಾಗ ನೆಟ್ಟಗಾಗುತ್ತದೆ, ಲೈನ್ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತ ಮುಂದೆ ಹೋಗುತ್ತದೆ. ಆ ಮಡಿಕೆಯನ್ನೇ ಲೂಪ್ ಎನ್ನುತ್ತಾರೆ. ಕ್ಯಾಸ್ಟಿಂಗ್‌ನ ಗುಣದೋಷಗಳೆಲ್ಲ ಈ ಲೂಪಿನ ಆಕಾರದಲ್ಲಿ ಕಣ್ಣಿಗೆ ಕಾಣುತ್ತವೆ.

ಅಣ್ಣ ನಾಲ್ಕು ತುಂಡಿನ ರಾಡನ್ನು ಜೋಡಿಸಿ, ಲೈನನ್ನು ಎರಡು ಮಡಿಕೆ ಮಾಡಿ ಉಂಗುರಗಳೊಳಗೆ ಪೋಣಿಸಿದರು. ಹಾಗೆ ಮಾಡಿದರೆ ಕೈ ಜಾರಿದರೂ ಲೈನ್ ಬುಡಕ್ಕೆ ವಾಪಸು ಇಳಿದುಹೋಗದೆ ಮಡಿಕೆ ಉಂಗುರದಲ್ಲೇ ಸಿಕ್ಕಿಕೊಳ್ಳುತ್ತದೆ. ಲೈನಿನ ಮುಂತುದಿಗೆ ಕಟ್ಟುವ ತೆಳು ದಾರವಾದ ಲೀಡರಿನ ತುದಿಗೆ ಫ್ಲೈ ಬದಲು ಕೆಂಪು ಉಲ್ಲನ್ ನೂಲಿನ ಸಣ್ಣ ಕುಚ್ಚು ಕಟ್ಟಿದರು. ಕೊಕ್ಕೆಯಿಲ್ಲದಿದ್ದರೂ ಟೋಪಿ ಮತ್ತು ಕನ್ನಡಕ ಕಡ್ಡಾಯ ಎಂದರು. ಕೆರೆಯ ಏರಿಯ ಕೆಳಗಿದ್ದ ಹುಲ್ಲುಬಯಲೇ ಮೊದಲ ಪಾಠಶಾಲೆ.

ಮೊದಲ ಪಾಠ ಎಸೆಯುವುದಲ್ಲ, ನಿಲ್ಲಿಸುವುದು. ಕೋಲಿನ ತುದಿಗೆ ಮೆತ್ತಿದ ಕೆಸರನ್ನು ದೂರಕ್ಕೆ ಕೊಡವುವಾಗ ಕೈ ನಿಧಾನವಾಗಿ ಹೊರಟು, ವೇಗ ಪಡೆದು, ಥಟ್ಟನೆ ನಿಲ್ಲುತ್ತದಲ್ಲ, ಹಾಗೆ ರಾಡನ್ನು ನಿಲ್ಲಿಸಬೇಕು. "ಕೈ ನಿಂತ್ರೆ ದಾರ ಓಯ್ತದೆ ಸಾರ್, ಕೈ ಓದ್ರೆ ದಾರ ಅಲ್ಲೇ ಬೀಳ್ತದೆ" ಎಂದು ಅಣ್ಣ ಬೆಳಗಿನಿಂದ ಮಧ್ಯಾಹ್ನದವರೆಗೂ ಹೇಳುತ್ತಲೇ ಇದ್ದರು. ನನ್ನ ಮಟ್ಟಿಗೆ ಇಡೀ ವಿದ್ಯೆಯ ಕೀಲಿಕೈ ಈ ಮಾತಿನಲ್ಲಿದೆ. ತುದಿ ನೇರ ಗೆರೆಯಲ್ಲಿ ಸಾಗಿ ಥಟ್ಟನೆ ನಿಂತರೆ ಲೂಪ್ ಕಿರಿದಾಗಿ ಗಾಳಿಯನ್ನು ಸೀಳುತ್ತದೆ. ಮಣಿಕಟ್ಟು ಬಾಗಿ ತುದಿ ಕಮಾನಿನಂತೆ ತಿರುಗಿದರೆ ಲೂಪ್ ಅಗಲವಾಗಿ ಸೋತು ಬೀಳುತ್ತದೆ. ಆರಂಭದಲ್ಲೇ ರಭಸದಿಂದ ಜಗ್ಗಿದರೆ ತುದಿ ಗೆರೆಯಿಂದ ಕೆಳಗೆ ಕುಸಿದು, ಲೂಪಿನ ಮೇಲಿನ ಎಳೆ ಕೆಳಗಿನ ಎಳೆಯನ್ನು ದಾಟಿ ಲೀಡರಿನಲ್ಲಿ ಗಂಟು ಬೀಳುತ್ತದೆ. ಇದನ್ನು ಗಾಳಿಗಂಟು ಎಂದು ಕರೆಯುವುದು ರೂಢಿಯಾದರೂ ಅದರಲ್ಲಿ ಗಾಳಿಯ ತಪ್ಪು ಕಡಿಮೆ.

ಎರಡನೆಯದು ಕಾಯುವುದು. ಹಿಂದಕ್ಕೆ ಬೀಸಿದ ಲೈನ್ ಪೂರ್ತಿ ಚಾಚಿಕೊಳ್ಳುವವರೆಗೆ ಕಾಯದೆ ಮುಂದಕ್ಕೆ ಬೀಸಿದರೆ ರಾಡ್ ಬಾಗಲು ಭಾರವೇ ಸಿಗುವುದಿಲ್ಲ. ಲೈನ್ ಉದ್ದವಾದಷ್ಟೂ ಕಾಯುವ ಹೊತ್ತೂ ಹೆಚ್ಚು, ಕೈ ಚಲಿಸುವ ದೂರವೂ ಹೆಚ್ಚು. ಇದನ್ನು ಮನದಟ್ಟು ಮಾಡಿಸಲು ಅಣ್ಣ ನಮ್ಮಿಂದ ರಾಡನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಸಿ, ಪಕ್ಕಕ್ಕೆ ಬೀಸಿಸಿ, ಪ್ರತಿ ಸಲ ಲೈನನ್ನು ಹುಲ್ಲಿನ ಮೇಲೆ ಬೀಳಲು ಬಿಡಿಸಿದರು. ಹಿಂದಿನ ಬೀಸು ಹೇಗಿತ್ತು ಎಂಬುದಕ್ಕೆ ಹುಲ್ಲಿನ ಮೇಲೆ ನೆಟ್ಟಗೋ ಸೊಟ್ಟಗೋ ಮಲಗಿದ ಹಳದಿ ಲೈನೇ ಸಾಕ್ಷಿ. ತಲೆಯ ಮೇಲೆ ಬೀಸುವಾಗ ಬೆನ್ನ ಹಿಂದೆ ನಡೆಯುವುದು ಕಾಣುವುದಿಲ್ಲವಾದ್ದರಿಂದ, ಹೊಸಬರಿಗೆ ಈ ಕ್ರಮದಷ್ಟು ಬೇಗ ಕಲಿಸುವ ದಾರಿ ಬೇರೊಂದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಮುದ್ದೆ, ಅವರೆಕಾಳಿನ ಸಾರು ಉಂಡು ಮಧ್ಯಾಹ್ನ ನೀರಿಗೆ ಬಂದೆವು. ಕೆರೆಯ ಒಂದು ಮಗ್ಗುಲಿಗೆ ತೆಂಗಿನ ತೋಟ ಹತ್ತಿಕೊಂಡಿದ್ದು, ಅಲ್ಲಿ ಹಿಂದಕ್ಕೆ ಬೀಸಲು ಜಾಗವೇ ಇಲ್ಲ. ರೋಲ್ ಕ್ಯಾಸ್ಟ್ ಕಲಿಯಲು ಅದೇ ತಕ್ಕ ಸ್ಥಳ. ಲೈನನ್ನು ನೀರಿನ ಮೇಲೆ ನಿಧಾನವಾಗಿ ಹಿಂದಕ್ಕೆ ಜಾರಿಸಿ, ರಾಡನ್ನು ಕಿವಿಯ ಬಳಿಗೆ ಎತ್ತಿ, ಲೈನ್ ಹೆಗಲ ಹಿಂದೆ ಜೋತು ಬಿದ್ದು ನಿಂತ ಮೇಲೆ ಮುಂದಕ್ಕೆ ಬೀಸಿ ನಿಲ್ಲಿಸಬೇಕು. ನೀರು ಲೈನನ್ನು ಹಿಡಿದುಕೊಳ್ಳುವುದರಿಂದಲೇ ಇಲ್ಲಿ ರಾಡ್ ಬಾಗುತ್ತದೆ. ಒಣ ಹುಲ್ಲಿನ ಮೇಲೆ ಈ ಬೀಸು ಸರಿಯಾಗಿ ಬರುವುದಿಲ್ಲ. ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರು ಹೊತ್ತ ಸ್ಪೇ ಕ್ಯಾಸ್ಟ್ ಎಂಬ ಬೀಸಿನ ಬುಡವೂ ಇದೇ ಎಂದು ಅಣ್ಣ ಹೇಳಿದರು.

ಇಳಿಹೊತ್ತಿಗೆ ಗಾಳಿ ಮತ್ತೂ ಹೆಚ್ಚಿತು. ನಮ್ಮನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಅಣ್ಣ ಡಬಲ್ ಹಾಲ್ ಎಂಬ ವರಸೆಯನ್ನು ಆರಂಭಿಸಿದರು. ಬಲಗೈ ರಾಡನ್ನು ಬೀಸುವಾಗ ಎಡಗೈ ಲೈನನ್ನು ಕೆಳಕ್ಕೆ ಚುರುಕಾಗಿ ಎಳೆಯುತ್ತದೆ. ರಾಡ್ ನಿಂತು ಲೈನ್ ಹಿಂದಕ್ಕೆ ಬಿಚ್ಚಿಕೊಳ್ಳುವಾಗ ಎಳೆದದ್ದನ್ನು ಮರಳಿ ಕೊಡುತ್ತದೆ. ಮುಂದಿನ ಬೀಸಿನಲ್ಲಿ ಮತ್ತೆ ಎಳೆಯುತ್ತದೆ. ಇದರಿಂದ ರಾಡ್ ಇನ್ನಷ್ಟು ಬಾಗಿ, ಲೈನಿನ ವೇಗ ಏರಿ, ಎದುರುಗಾಳಿಯಲ್ಲೂ ಫ್ಲೈ ಮುಂದೆ ಹೋಗುತ್ತದೆ. ಎಳೆಯುವುದು ಸುಲಭ, ಮರಳಿ ಕೊಡುವುದರಲ್ಲೇ ಕಷ್ಟವೆಲ್ಲ ಇದೆ. ಎಡಗೈ ಕೆಳಗೇ ಉಳಿದುಬಿಟ್ಟರೆ ಎರಡನೆಯ ಎಳೆತಕ್ಕೆ ಲೈನೇ ಇರುವುದಿಲ್ಲ, ಮುಂಚೆಯೇ ಬಿಟ್ಟರೆ ಲೈನ್ ಸಡಿಲಗೊಂಡು ಉಂಗುರಗಳ ನಡುವೆ ಜೋಲುತ್ತದೆ. ಅಣ್ಣ ರಾಡನ್ನು ಕೆಳಗಿಡಿಸಿ ಬರಿಗೈಯಲ್ಲೇ ಎರಡೂ ಕೈಗಳ ಚಲನೆಯನ್ನು ಮಾಡಿಸಿದರು. ಆಮೇಲೆ ಹುಲ್ಲಿನ ಮೇಲೆ ಹಿಂದಿನ ಬೀಸೊಂದಕ್ಕೆ, ಮುಂದಿನ ಬೀಸೊಂದಕ್ಕೆ ಬೇರೆ ಬೇರೆಯಾಗಿ ಎಳೆತ ಸೇರಿಸಿ, ಕೊನೆಗೆ ಎರಡನ್ನೂ ಕೂಡಿಸಿದರು. ಗಾಳಿ ಬಲಹೆಗಲ ಕಡೆಯಿಂದ ಬೀಸಿದರೆ ಫ್ಲೈ ಮುಖಕ್ಕೇ ಬರುವ ಅಪಾಯವಿರುವುದರಿಂದ, ರಾಡಿನ ತುದಿಯನ್ನು ಎಡಹೆಗಲ ಮೇಲಕ್ಕೆ ವಾಲಿಸಿ ಬೀಸುವುದನ್ನೂ ತೋರಿಸಿದರು. ಬೆಳಕು ಮಾಸುವವರೆಗೂ ನಾವು ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಹಲಗೂರಿನ ಮೇಲಿಂದ ಮುತ್ತತ್ತಿಗೆ ಹೋದೆವು. ರಾಡುಗಳನ್ನು ಊರಿನಲ್ಲೇ ಬಿಟ್ಟಿದ್ದೆವು. ಅದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ. ಅಲ್ಲಿ ಗಾಳ ಹಾಕುವಂತಿಲ್ಲ. ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಕಾವೇರಿಯ ಮಹಶೀರ್ ಟಾರ್ ರೆಮಾದೇವಿ ಎಂಬ ಪ್ರಭೇದಕ್ಕೆ ಸೇರಿದ್ದೆಂದು ವಿಜ್ಞಾನಿಗಳು 2018ರಲ್ಲಿ ಗುರುತಿಸಿದರು. ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾವೇರಿ, ಕಬಿನಿಗಳ ಈ ಸೀಮೆಯಲ್ಲಿ ಕೊಕ್ಕೆಯಿಲ್ಲದ ಕ್ಯಾಸ್ಟಿಂಗ್ ಅಭ್ಯಾಸಕ್ಕೆ ಹೆಚ್ಚು ಜನ ಬರಬೇಕೆಂದು ನಾನು ಬಯಸುವುದಕ್ಕೆ ಇದೂ ಕಾರಣ.

ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಂಡೆಯ ಮೇಲೆ ಕೂತು ಅಣ್ಣ ಹೊಳೆಯನ್ನೇ ಹಲಗೆ ಮಾಡಿಕೊಂಡು ಪಾಠ ಮುಂದುವರಿಸಿದರು. ನಡುನೀರಿನ ಸೆಳವು ಜೋರು, ಆಚೆಯ ಬಂಡೆಯ ಮರೆಯ ನೀರು ನಿಧಾನ. ಲೈನನ್ನು ನೇರವಾಗಿ ಹಾಕಿದರೆ ಸೆಳವು ಅದರ ನಡುಭಾಗವನ್ನು ಕೆಳಕ್ಕೆ ಎಳೆದು, ಫ್ಲೈಯನ್ನು ಮರೆಯಿಂದ ಕಿತ್ತು ತರುತ್ತದೆ. ಆದ್ದರಿಂದ ಲೈನ್ ಗಾಳಿಯಲ್ಲಿರುವಾಗಲೇ ರಾಡನ್ನು ಮೇಲ್ಹರಿವಿನ ಕಡೆಗೆ ಚಾಚಿ ಹಾಕುವ ರೀಚ್ ಕ್ಯಾಸ್ಟ್, ಲೈನ್ ನೀರಿಗೆ ಬಿದ್ದ ಮೇಲೆ ಅದರ ನಡುವನ್ನು ಎತ್ತಿ ಮೇಲ್ಹರಿವಿಗೆ ಮಗುಚುವ ಮೆಂಡ್ ಎರಡೂ ಬೇಕು. ದೂರ ಎಸೆಯಬಲ್ಲವನನ್ನೇ ನಿಪುಣನೆಂದು ಹೊಗಳುವವರಿಗೆ ಈ ಸೆಳವನ್ನು ತೋರಿಸಬೇಕು.

ಊರಿಗೆ ಮರಳಿ, ಹೊರಡುವ ಮುನ್ನ ಅಣ್ಣ ಬಕೆಟ್ಟಿನ ಉಗುರುಬೆಚ್ಚಗಿನ ನೀರಿಗೆ ತುಸು ಸೋಪು ಕದಡಿ ಲೈನ್ ತೊಳೆಯುವುದನ್ನು ಕಲಿಸಿದರು. ಹುಲ್ಲಿನ ಮೇಲಿನ ಅಭ್ಯಾಸದಿಂದ ಲೈನಿನ ಹೊದಿಕೆಗೆ ಧೂಳು ಹತ್ತುತ್ತದೆ, ಆಮೇಲೆ ಅದು ಉಂಗುರಗಳಲ್ಲಿ ಜಾರದೆ ತಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಹಿಡಿದು ಎಳೆದಾಗ ಬಟ್ಟೆಯ ಮೇಲೆ ಕೆಮ್ಮಣ್ಣಿನ ಗೆರೆ ಮೂಡಿತು. ಡಾಂಬರಿನ ಮೇಲೆ, ಕಾಂಕ್ರೀಟಿನ ಮೇಲೆ ಎಂದೂ ಬೀಸಬೇಡಿ, ಮೈಸೂರಿನಲ್ಲಿ ಹುಲ್ಲಿರುವ ಮೈದಾನ ಹುಡುಕಿಕೊಳ್ಳಿ, ಮುಂದಿನ ಸಲ ಬರುವಾಗ ಎಡಗೈಯಲ್ಲೂ ರಾಡ್ ಹಿಡಿದು ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದರು.