ಅಮ್ಮನ ಜೊತೆ ಬ್ರಾಡ್‌ವೇ ಥಿಯೇಟರ್ ಬೀದೀಲಿ ಒಂದು ಮಧ್ಯಾಹ್ನ

ಲಾಸ್ ಏಂಜಲೀಸ್‌ಗೆ ನಾಲ್ಕು ದಿನಕ್ಕೆ ಅಂತ ಹೋಗಿದ್ವಿ, ನಾನು, ಹೆಂಡತಿ, ಮಗಳು, ಮತ್ತೆ ಬೆಂಗಳೂರಿಂದ ಬಂದಿದ್ದ ಅಮ್ಮ. ಯೂನಿವರ್ಸಲ್ ಸ್ಟುಡಿಯೋಸ್, ಸಾಂಟಾ ಮೋನಿಕಾ ಬೀಚು, ಗುಡ್ಡದ ಮೇಲಿನ ಹಾಲಿವುಡ್ ಬೋರ್ಡು ಎಲ್ಲಾ ನೋಡಾಯ್ತು, ಅದರ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದಾರೆ. ನಾನು ಬರೀತಿರೋದು ಮೂರನೇ ದಿನ ಮಧ್ಯಾಹ್ನದ ಬಗ್ಗೆ ಮಾತ್ರ, ಅದು ನಮ್ಮ ಪ್ಲಾನಲ್ಲೇ ಇರ್ಲಿಲ್ಲ.

ಹಿಂದಿನ ದಿನ ನನ್ನ ಫೋನ್ ಕೈಜಾರಿ ಬಿದ್ದು ಡಿಸ್‌ಪ್ಲೇ ಪೂರ್ತಿ ಸೀಳಿತ್ತು. ಹೆಂಡತಿ ಮಗಳು ಹೋಟೆಲ್ ಈಜುಕೊಳ ಬಿಟ್ಟು ಬರಲ್ಲ ಅಂದ್ರು, ಅಮ್ಮ ಒಬ್ರೇ ಯಾಕೆ ರೂಮಲ್ಲಿ ಕೂರ್ಬೇಕು ಅಂತ ಅವರನ್ನ ಕರ್ಕೊಂಡು ಡೌನ್‌ಟೌನ್‌ನ ಆಪಲ್ ಸ್ಟೋರ್‌ಗೆ ಹೊರಟೆ. ಬ್ರಾಡ್‌ವೇ ರಸ್ತೆ ಅಂತ ಮ್ಯಾಪ್ ತೋರಿಸ್ತಿತ್ತು, ಆ ರಸ್ತೆ ಏನು ಅಂತ ನನಗೆ ಸ್ವಲ್ಪಾನೂ ಐಡಿಯಾ ಇರ್ಲಿಲ್ಲ.

ಕಾರ್ ನಿಲ್ಸಿ ಒಂದು ನೂರು ಹೆಜ್ಜೆ ನಡೆದಿಲ್ಲ, ಅಮ್ಮ ನಿಂತುಬಿಟ್ರು. "ಇದೇನೋ, ನಮ್ಮ ಮೆಜೆಸ್ಟಿಕ್ ಥರಾನೇ ಇದೆಯಲ್ಲೋ" ಅಂದ್ರು. ನಿಜ. ಅಂಗಡಿಗಳ ಮಧ್ಯೆ ಮಧ್ಯೆ ದೊಡ್ಡ ದೊಡ್ಡ ಥಿಯೇಟರ್‌ಗಳು, ಕಟ್ಟಡದಿಂದ ರಸ್ತೆ ಕಡೆಗೆ ಚಾಚಿಕೊಂಡಿರೋ ಉದ್ದುದ್ದ ನಿಯಾನ್ ಬೋರ್ಡುಗಳು, ಕೆಳಗೆ ಚಿನ್ನದಂಗಡಿ, ಬಟ್ಟೆ ಅಂಗಡಿ, ಕೂಗಿ ಕರೆಯೋ ಜನ. ಆರು ಬ್ಲಾಕ್ ಒಳಗೆ ಹನ್ನೆರಡು ಥಿಯೇಟರ್! ಎಲ್ಲಾ 1910ರಿಂದ 1931ರ ಒಳಗೆ ಕಟ್ಟಿದ್ದು, ಇಡೀ ಬೀದಿಯನ್ನೇ 1979ರಲ್ಲಿ ಅಮೆರಿಕದ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿಸಿದಾರೆ. ಕೆಂಪೇಗೌಡ ರಸ್ತೇಲಿ ನಮ್ಮಮ್ಮ ಕಾಲೇಜ್ ದಿನಗಳಲ್ಲಿ ಓಡಾಡಿದೋರು, ಸಾಗರ್, ತ್ರಿಭುವನ್, ಕಪಾಲಿ, ಸಂತೋಷ್, ನರ್ತಕಿ ಅಂತ ನಡ್ಕೊಂಡು ಹೋಗ್ತಾನೇ ಲೆಕ್ಕ ಹಾಕೋಕೆ ಶುರು ಮಾಡಿದ್ರು.

ರಿಯಾಲ್ಟೋ ಅನ್ನೋ ಥಿಯೇಟರ್, 1917ರದ್ದು, ಹೊರಗಿನ ನಿಯಾನ್ ಬೋರ್ಡ್ ಎಷ್ಟು ಚೆನ್ನಾಗಿದೆ ಅಂದ್ರೆ ಸಿನಿಮಾನೇ ನಡೀತಿದೆ ಅಂದ್ಕೊಂಡು ಒಳಗೆ ಹೋದ್ವಿ, ನೋಡಿದ್ರೆ ಜೀನ್ಸು, ಟೀ ಶರ್ಟು. 2013ರಲ್ಲೇ ಬಟ್ಟೆ ಅಂಗಡಿ ಆಗಿದೆಯಂತೆ. ನನಗೆ ಇಷ್ಟ ಆಗ್ಲಿಲ್ಲ. ಹೊರಗೆ ಥಿಯೇಟರ್ ಮುಖ, ಒಳಗೆ ಹ್ಯಾಂಗರ್ ಸಾಲು, ಹತ್ತು ನಿಮಿಷಕ್ಕೆ ಆಚೆ ಬಂದ್ವಿ. ಅದೇ ಬೀದೀಲಿರೋ ಲಾಸ್ ಏಂಜಲೀಸ್ ಥಿಯೇಟರ್ ಬಾಗಿಲು ಹಾಕಿತ್ತು, ಆದ್ರೆ 1931ರಲ್ಲಿ ಚಾಪ್ಲಿನ್‌ನ 'ಸಿಟಿ ಲೈಟ್ಸ್' ಮೊದಲ ಪ್ರದರ್ಶನದೊಂದಿಗೆ ಶುರುವಾದ ಥಿಯೇಟರ್ ಇದು, ಅವತ್ತು ಚಾಪ್ಲಿನ್ ಜೊತೆ ಐನ್‌ಸ್ಟೈನ್ ಕೂಡ ಬಂದಿದ್ರು ಅಂತ ಓದಿ ಹೇಳಿದ್ದಕ್ಕೆ ಅಮ್ಮ ಆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರು, ಅದೂ ಚಪ್ಪಲಿ ಸರಿ ಮಾಡ್ಕೊಂಡು, ಸೆರಗು ಹೊದ್ದು.

ಎಂಟನೇ ಬೀದಿ ಮೂಲೇಲಿ ಗಡಿಯಾರದ ಗೋಪುರ ಇರೋ ಬಿಳಿ ಕಟ್ಟಡ, ಮೇಲೆ 'ಟವರ್' ಅಂತ ನಿಯಾನ್ ಅಕ್ಷರ. ನಾವು ಹುಡುಕ್ತಿದ್ದ ಆಪಲ್ ಸ್ಟೋರ್ ಇದೇ. 1927ರ ಟವರ್ ಥಿಯೇಟರ್. ಒಳಗೆ ಕಾಲಿಟ್ಟ ತಕ್ಷಣ ಇಬ್ಬರೂ ಮಾತು ನಿಲ್ಸಿದ್ವಿ. ಮುಂದೆ ಅಗಲವಾದ ಮೆಟ್ಟಿಲು, ಕಂಚಿನ ಕಂಬಿ, ಅಮೃತಶಿಲೆ ಕಂಬಗಳು, ಮೇಲೆ ಕಮಾನಿನಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿ, ಆ ಗಾಜಲ್ಲಿ ಫಿಲಂ ರೀಲಿನ ಸುರುಳಿ ಬಿಡಿಸಿದಾರೆ. ಪ್ಯಾರಿಸ್ ಒಪೆರಾ ಹೌಸ್ ನೋಡಿ ಮಾಡಿದ ಲಾಬಿ ಅಂತೆ. ದೇವಸ್ಥಾನದೊಳಗೆ ಹೋದಾಗ ತಲೆ ತಾನಾಗೇ ಮೇಲೆ ಹೋಗುತ್ತಲ್ಲ ಹಾಗೆ ಆಯ್ತು. ಹಾಲ್ ಒಳಗೆ ಕುರ್ಚಿ ಇರ್ಬೇಕಾದ ಜಾಗದಲ್ಲಿ ಮರದ ಟೇಬಲ್ಲುಗಳು, ಅದರ ಮೇಲೆ ಫೋನು ಲ್ಯಾಪ್‌ಟಾಪು, ತಲೆ ಮೇಲೆ ಗುಮ್ಮಟದಲ್ಲಿ ನೀಲಿ ಆಕಾಶದ ಚಿತ್ರ. ಹಿಂದೆ ತಿರುಗಿ ನೋಡಿದ್ರೆ ಬಾಲ್ಕನಿ. ರಿಪೇರಿ ವಿಭಾಗ ಅಲ್ಲೇ ಮೇಲೆ.

ನಾನು ಅಪಾಯಿಂಟ್‌ಮೆಂಟ್ ತಗೊಂಡಿರ್ಲಿಲ್ಲ, ಹಾಗಾಗಿ ಒಂದೂವರೆ ಗಂಟೆ ಕಾಯಬೇಕು ಅಂದ್ರು. ಬಾಲ್ಕನಿ ಸೀಟಲ್ಲೇ ಕೂತ್ವಿ. ಆ ಒಂದೂವರೆ ಗಂಟೆ ಸಿಗದೇ ಇದ್ದಿದ್ರೆ ಈ ಬರಹ ಇರ್ತಿರ್ಲಿಲ್ಲ.

ಪಕ್ಕದಲ್ಲಿ ಒಬ್ರು ವಯಸ್ಸಾದೋರು ಕೂತಿದ್ರು, ಎಂಬತ್ತರ ಹತ್ತಿರ ಇರ್ಬಹುದು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಡಿಲಲ್ಲಿ ಹ್ಯಾಟು. ಜೊತೇಲಿ ಮೊಮ್ಮಗಳು, ಕಾಲೇಜ್ ಹುಡುಗಿ, ಅವಳ ಲ್ಯಾಪ್‌ಟಾಪ್ ರಿಪೇರಿಗೆ ಬಂದಿದ್ದು. ಅಮ್ಮ ಸುಮ್ನೆ ಕೂರೋರಲ್ಲ, ಅಜ್ಜನ ಕಡೆ ನೋಡಿ ನಕ್ಕು ಕೈಯಲ್ಲಿ ಮೇಲೆ ತೋರಿಸಿ "ಎಷ್ಟ್ ಚೆನ್ನಾಗಿದೆ ಅಲ್ವಾ" ಅಂತ ಕನ್ನಡದಲ್ಲೇ ಕೇಳಿದ್ರು. ಅಜ್ಜನಿಗೆ ಇಂಗ್ಲಿಷ್ ಕಮ್ಮಿ, ಮೆಕ್ಸಿಕೋದಿಂದ ಬಂದೋರು. ಆಮೇಲೆ ಶುರುವಾಯ್ತು ನೋಡಿ, ಅಮ್ಮ ಕನ್ನಡದಲ್ಲಿ ಕೇಳೋದು, ನಾನು ಇಂಗ್ಲಿಷಲ್ಲಿ ಹೇಳೋದು, ಆ ಹುಡುಗಿ ಸ್ಪ್ಯಾನಿಷಲ್ಲಿ ಅಜ್ಜನಿಗೆ ಹೇಳೋದು, ಉತ್ತರ ಅದೇ ದಾರೀಲಿ ವಾಪಸ್ ಬರೋದು.

ಅಜ್ಜ ಇಪ್ಪತ್ತರ ಹರೆಯದಲ್ಲಿ ಬಂದು ಇಲ್ಲೇ ಹತ್ತಿರ ಬಟ್ಟೆ ಹೊಲಿಯೋ ಕಡೆ ಕೆಲಸಕ್ಕೆ ಸೇರಿದ್ರಂತೆ. ಐದು ಜನ ಒಂದೇ ರೂಮಲ್ಲಿ, ಫ್ಯಾನೂ ಇಲ್ಲ. ಭಾನುವಾರ ಬಂದ್ರೆ ಥಿಯೇಟರ್. ಸ್ಪ್ಯಾನಿಷ್ ಸಿನಿಮಾಗೆ ಆ ಕೊನೇಲಿರೋ ಮಿಲಿಯನ್ ಡಾಲರ್ ಥಿಯೇಟರ್‌ಗೆ ಹೋಗ್ತಿದ್ರಂತೆ, ಅಲ್ಲಿ ಸಿನಿಮಾ ಜೊತೆ ಮೆಕ್ಸಿಕೋದ ಹಾಡುಗಾರರು ಸ್ಟೇಜ್ ಮೇಲೆ ಬಂದು ಹಾಡ್ತಿದ್ರು. ಟವರ್‌ಗೆ ಬರ್ತಿದ್ದಿದ್ದು ಇಂಗ್ಲಿಷ್ ಸಿನಿಮಾಗೆ, ಕೆಳಗೆ ಸ್ಪ್ಯಾನಿಷ್ ಅಕ್ಷರ ಬರ್ತಿತ್ತಂತೆ, "ನನಗೆ ಬರೋ ಇಂಗ್ಲಿಷೆಲ್ಲಾ ಇಲ್ಲೇ ಕಲಿತಿದ್ದು, ಕಿವೀಲಿ ಒಂದು ಭಾಷೆ ಕಣ್ಣಲ್ಲಿ ಒಂದು ಭಾಷೆ" ಅಂದ್ರು. ಮತ್ತೆ ಎಸಿ. ಬಿಸಿಲು ಹೆಚ್ಚಿದ ದಿನ ಒಂದು ಟಿಕೆಟ್ ತಗೊಂಡು ಸಂಜೆವರೆಗೂ ಕೂತು ನಿದ್ದೆ ಮಾಡಿ ಹೋಗ್ತಿದ್ರಂತೆ.

ಅಮ್ಮನಿಗೆ ಇದು ಕೇಳಿದ್ದೇ ತಡ, "ನಾವೂ ಅಷ್ಟೇ, ಏಪ್ರಿಲ್ ಮೇ ಬಂದ್ರೆ ಎಸಿ ಇರೋ ಥಿಯೇಟರ್ ಯಾವ್ದು ಅಂತ ನೋಡ್ಕೊಂಡೇ ಹೋಗ್ತಿದ್ದಿದ್ದು" ಅಂದ್ರು. ಆಮೇಲೆ ಹೇಳಿದ್ದು ನನಗೂ ಗೊತ್ತಿರ್ಲಿಲ್ಲ. ಮದುವೆಗೆ ಮುಂಚೆ ಅವರು ಯಾವತ್ತೂ ಬಾಲ್ಕನೀಲಿ ಕೂತೋರಲ್ಲ, ಯಾವಾಗ್ಲೂ ಸೆಕೆಂಡ್ ಕ್ಲಾಸ್. ಮದುವೆ ಆದ ಹೊಸದರಲ್ಲಿ ಅಪ್ಪ ಅಲಂಕಾರ್ ಥಿಯೇಟರ್‌ಗೆ ಕರ್ಕೊಂಡು ಹೋಗಿ ಬಾಲ್ಕನಿ ಟಿಕೆಟ್ ತಗೊಂಡ್ರಂತೆ, ಇವರಿಗೆ ಸಿನಿಮಾ ಕಡೆ ಗಮನಾನೇ ಇಲ್ಲ, ಇನ್ನೂ ತಿಂಗಳ ಕೊನೆಗೆ ಹತ್ತು ದಿನ ಇದೆ, ಇಷ್ಟು ದುಡ್ಡು ಕೊಟ್ಟುಬಿಟ್ರಲ್ಲ ಅಂತ ಇಂಟರ್ವಲ್‌ವರೆಗೂ ಲೆಕ್ಕ ಹಾಕ್ತಾ ಕೂತಿದ್ರಂತೆ. ನನಗೆ ಅಲಂಕಾರ್ ಅಂದ್ರೆ ಅಲಂಕಾರ್ ಪ್ಲಾಜಾ ಮಾತ್ರ, ಕಾಲೇಜಲ್ಲಿದ್ದಾಗ ಅಲ್ಲಿ ಮೊಬೈಲ್ ಕವರ್, ಇಯರ್‌ಫೋನ್ ಎಷ್ಟು ಸಲ ತಗೊಂಡಿದೀನೋ, ಅಮ್ಮ ಅಪ್ಪ ಕೂತಿದ್ದ ಬಾಲ್ಕನಿ ಆ ಜಾಗದಲ್ಲೇ ಇತ್ತು ಅಂತ ಒಂದು ದಿನಾನೂ ಅನ್ಸಿಲ್ಲ. ಅನ್ಸೋಕೆ ಅಲ್ಲಿ ಏನೂ ಇಲ್ವಲ್ಲ. 1968ರಲ್ಲಿ ಶುರುವಾದ ಕಪಾಲಿನೂ ಕೆಡವಿದ್ರು, ಎಂಜಿ ರೋಡಿನ ಪ್ಲಾಜಾ ಇದ್ದ ಜಾಗ ಮೆಟ್ರೋಗೆ ಹೋಯ್ತು, ಮೆಜೆಸ್ಟಿಕ್ ಅನ್ನೋ ಹೆಸರು ಕೊಟ್ಟ ಥಿಯೇಟರ್ ಇಲ್ಲ, ಬಸ್ ಬೋರ್ಡ್ ಮೇಲೆ ಹೆಸರು ಮಾತ್ರ ಓಡಾಡ್ತಿದೆ.

ಅಜ್ಜನ್ನ ನಾನು ಒಂದು ಕೇಳಿದೆ, ಈಗ ಅಂಗಡಿ ಆಗಿದೆಯಲ್ಲ, ಬೇಜಾರಾಗಲ್ವಾ ಅಂತ. ಅವರು ತುಂಬಾ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ ಹೇಳಿದ್ದು, ಮೊಮ್ಮಗಳು ಎರಡು ಸಲ ಕೇಳಿ ತಿಳ್ಕೊಂಡು ನನಗೆ ಹೇಳಿದ್ಳು: "ನಾನು ಇಲ್ಲಿ ಅಷ್ಟು ವರ್ಷ ಬಂದಿದೀನಿ, ಈ ಮೇಲಿನ ಚಿತ್ರ, ಗೋಡೆ ಕೆತ್ತನೆ ಯಾವುದನ್ನೂ ನೋಡಿರ್ಲಿಲ್ಲ. ಕತ್ತಲೆ ಇರ್ತಿತ್ತು, ಗಲೀಜೂ ಇತ್ತು. ಇವತ್ತು ಲೈಟ್ ಹಾಕಿದಾರೆ ಅಂತ ಕಾಣ್ತಿದೆ. ಆದ್ರೆ ನಾನು ಬರ್ತಿದ್ದಿದ್ದು ಕತ್ತಲೆಗೆ."

ನನಗೆ ಅದಕ್ಕೆ ಏನು ಹೇಳ್ಬೇಕು ಅಂತ ತಿಳೀಲಿಲ್ಲ. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ, ಅವರು ತಲೆ ಆಡಿಸಿದ್ರು ಅಷ್ಟೇ.

1988ರಲ್ಲಿ ಮುಚ್ಚಿದ ಥಿಯೇಟರ್ ಇದು. 2021ರಲ್ಲಿ ಅಂಗಡಿಯಾಗಿ ತೆರೆಯೋವರೆಗೆ, 33 ವರ್ಷ, ಶೂಟಿಂಗ್‌ಗೆ ಬಾಡಿಗೆಗೆ ಕೊಡ್ತಿದ್ದಿದ್ದು ಬಿಟ್ರೆ ಹೆಚ್ಚುಕಮ್ಮಿ ಖಾಲಿ. ಲಾಸ್ ಏಂಜಲೀಸ್‌ನಲ್ಲಿ ಟಾಕಿ ಸಿನಿಮಾಗೆ ಅಂತ ಮೊದಲು ಸೌಂಡ್ ವೈರಿಂಗ್ ಹಾಕಿದ್ದು ಇಲ್ಲೇ ಅಂತಾರೆ. ಒಂದು ಸಣ್ಣ ಸೈಟಲ್ಲಿ 900 ಸೀಟು ಕೂರಿಸಿದ ಆರ್ಕಿಟೆಕ್ಟ್ ಎಸ್. ಚಾರ್ಲ್ಸ್ ಲೀಗೆ ಇದು ಮೊದಲ ಥಿಯೇಟರ್, ಅಮ್ಮ ಫೋಟೋ ತೆಗೆಸ್ಕೊಂಡ ಲಾಸ್ ಏಂಜಲೀಸ್ ಥಿಯೇಟರೂ ಅವರದ್ದೇ ಡಿಸೈನ್. ಅಂಗಡಿ ಮಾಡಿದ್ದು ನನಗೆ ಪೂರ್ತಿ ಖುಷಿ ಅಂತ ಹೇಳಲ್ಲ, ಸಿನಿಮಾನೇ ನಡೀಬೇಕಿತ್ತು. ಆದ್ರೆ ರಿಯಾಲ್ಟೋ ನೋಡಿ ಬಂದ ಕಣ್ಣಿಗೆ ಇದು ಬೇರೆ ಥರ ಕಾಣ್ತು, ಇಲ್ಲಿ ಬಾಲ್ಕನಿ ಬಾಲ್ಕನಿಯಾಗೇ ಇದೆ, ಕೂರಬಹುದು, ಏನೂ ಕೊಳ್ಳದೆ ಕೂತ್ರೂ ಯಾರೂ ಎಬ್ಬಿಸ್ಲಿಲ್ಲ.

ಇಲ್ಲಿಗೆ ಹೋಗೋರಿಗೆ ಒಂದು ಮಾತು ಹೇಳ್ಲೇಬೇಕು, ನನಗೆ ಇನ್ನೂ ಹೊಟ್ಟೆ ಉರೀತಿದೆ. ಕಾರ್ ನಿಲ್ಸಿದ ಕಂಬದ ಮೇಲೆ ನಾಲ್ಕು ಬೋರ್ಡ್ ಒಂದರ ಕೆಳಗೆ ಒಂದು ಇದ್ವು, ನಾನು ಮೇಲಿನ ಎರಡು ಓದಿ ಐದು ಗಂಟೆವರೆಗೆ ಮೀಟರ್‌ಗೆ ದುಡ್ಡು ಕಟ್ಟಿ ಹೋದೆ, ಕೆಳಗಿನ ಕೆಂಪು ಬೋರ್ಡಲ್ಲಿ ಸಂಜೆ 4ರಿಂದ 7 ನಿಲ್ಸೋ ಹಾಗೇ ಇಲ್ಲ ಅಂತ ಇತ್ತು, ವಾಪಸ್ ಬಂದ್ರೆ ಕಾರ್ ಇಲ್ಲ, ಟೋ ಮಾಡ್ಕೊಂಡು ಹೋಗಿದಾರೆ. ಬಿಡಿಸ್ಕೊಳ್ಳೋಕೆ ದಂಡ ಎಲ್ಲಾ ಸೇರಿ ಮುನ್ನೂರು ಡಾಲರ್ ಹತ್ತಿರ ಆಯ್ತು, ಅಮ್ಮನಿಗೆ ಎಷ್ಟಾಯ್ತು ಅಂತ ಇವತ್ತಿಗೂ ಹೇಳಿಲ್ಲ. ಕಂಬದ ಮೇಲಿರೋ ಎಲ್ಲಾ ಬೋರ್ಡೂ ಓದಿ, ವಾರದ ದಿನ ಸಂಜೆ ಆದ್ರೆ ಇನ್ನೂ ಹುಷಾರು. ಅದಕ್ಕಿಂತ ಮೆಟ್ರೋ ಬಿ ಲೈನಲ್ಲಿ ಪರ್ಶಿಂಗ್ ಸ್ಕ್ವೇರ್‌ಗೆ ಬಂದು ಇಳಿದು ನಡ್ಕೊಂಡೇ ಬೀದಿ ನೋಡಿ.

ಆದ್ರೆ ಅದು ಆಮೇಲೆ. ಅಜ್ಜ ಮೊಮ್ಮಗಳು ಹೊರಡೋಕೆ ಎದ್ದಾಗ ಅಮ್ಮ ಕೈಮುಗಿದ್ರು, ಅಜ್ಜ ಹ್ಯಾಟ್ ಎದೆ ಹತ್ರ ಹಿಡ್ಕೊಂಡು ತಲೆ ಬಾಗಿಸಿದ್ರು. ಅವರು ಮೆಟ್ಟಿಲಿಳಿದು ಹೋಗೋದನ್ನೇ ನೋಡ್ತಾ ಇದ್ದು, ಆಮೇಲೆ ಅಮ್ಮ ತಮ್ಮ ಫೋನ್ ತೆಗೆದು "ನಿಮ್ಮಪ್ಪನಿಗೆ ಹಚ್ಚೋ, ಎದ್ದಿರ್ತಾರೆ" ಅಂದ್ರು. ಬೆಂಗಳೂರಲ್ಲಿ ಬೆಳಗಿನ ಜಾವ ಐದು ಗಂಟೆ. ಅಪ್ಪ ಮಫ್ಲರ್ ಸುತ್ಕೊಂಡು ವಾಕಿಂಗ್‌ಗೆ ಹೊರಟಿದ್ರು, ಮನೆ ಬಾಗಿಲಲ್ಲೇ ನಿಂತು ವಿಡಿಯೋ ಕಾಲ್ ತಗೊಂಡ್ರು.

"ರೀ, ನೋಡಿ ಇಲ್ಲಿ, ಬಾಲ್ಕನೀಲಿ ಕೂತಿದೀನಿ" ಅಂತ ಅಮ್ಮ ಫೋನನ್ನ ಸೀಟು, ಗೋಡೆ, ಆಕಾಶದ ಗುಮ್ಮಟ ಎಲ್ಲಾ ಕಡೆ ನಿಧಾನವಾಗಿ ತಿರುಗಿಸಿದ್ರು.

ಅಪ್ಪ ಕನ್ನಡಕ ಹಾಕ್ಕೊಂಡು ಒಂದು ನಿಮಿಷ ನೋಡಿದ್ರು. "ಅಲಂಕಾರ್‌ಗಿಂತ ಚೆನ್ನಾಗಿದೆ ಕಣೇ. ಟಿಕೆಟ್ ಎಷ್ಟು?"

"ಟಿಕೆಟ್ ಇಲ್ಲ ರೀ, ಸುಮ್ನೆ ಕೂತಿರೋದು."

"ಹೌದಾ? ಪರದೆ ಯಾವ ಕಡೆಗಿದೆ ತೋರ್ಸು" ಅಂದ್ರು ಅಪ್ಪ.

ಅಮ್ಮ ಕೆಳಗೆ ಟೇಬಲ್ಲುಗಳ ಆಚೆ ಪರದೆ ಇದ್ದ ಜಾಗದ ಕಡೆಗೆ ಫೋನ್ ಹಿಡಿದು, ಕೈ ನಡುಗದ ಹಾಗೆ ಇನ್ನೊಂದು ಕೈ ಆಸರೆ ಕೊಟ್ಟು, ಅಪ್ಪ ಸಾಕು ಅನ್ನೋವರೆಗೂ ಹಾಗೇ ಹಿಡ್ಕೊಂಡು ಕೂತಿದ್ರು.