ಹಳೇ ಮನೆಗಾಡಿಗೆ ಏರ್ ಬ್ಯಾಗ್ ಗೇಜು ಹುಡುಕಿದ್ದು

ಕಾರವಾರದಿಂದ ಶಿರಸಿಗೆ ಹೊರಟಿದ್ದೆವು. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುತ್ತಿದ್ದಾಗ ಹಿಂದಿನಿಂದ ಆಯಿ ಕೂಗಿದಳು, "ತಮಾ, ಭರಣಿ ಇತ್ಲಾಗೆ ಜಾರ್ತಾ ಇದ್ದು, ಗಾಡಿ ನಿಲ್ಸು."

ಜಾಗ ನೋಡಿ ಬದಿಗೆ ಹಾಕಿ ಇಳಿದೆ. ಹಿಂದಿನ ಎಡಗಡೆ ಗಾಡಿ ಕುಸಿದು ಕೂತಿತ್ತು. ಭಾರ ಹೊರಲಿ ಅಂತ ಅಲ್ಲಿ ಹಾಕಿಸಿದ್ದ ಗಾಳಿ ತುಂಬುವ ರಬ್ಬರ್ ಚೀಲ, ಅಂದರೆ ಏರ್ ಬ್ಯಾಗ್, ಒತ್ತಿದರೆ ಮೆತ್ತಗೆ. ಟಯರ್ ಗೇಜು ಹಚ್ಚಿ ನೋಡಿದೆ, ಗಾಳಿಯ ಒತ್ತಡ 8 ಪಿಎಸ್‌ಐ. ಬೆಳಿಗ್ಗೆ ಹೊರಡುವಾಗ 50 ಇಟ್ಟಿದ್ದೆ. ಅಂಕೋಲೆಯಲ್ಲಿ ಚಹಾಕ್ಕೆ ನಿಂತಾಗಲೇ ಇಳಿಯಲು ಶುರುವಾಗಿರಬೇಕು, ಆದರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಅದನ್ನು ಹೇಳುವಂಥದ್ದು ಗಾಡಿಯಲ್ಲಿ ಏನೂ ಇರಲಿಲ್ಲ. ಆಯಿಯ ಅಪ್ಪೆಮಿಡಿ ಭರಣಿಯೇ ಅವತ್ತು ನಮ್ಮ ಗೇಜು.

ನಮ್ಮದು 1994ರ ಟಾಟಾ 407. ಮಿನಿಬಸ್ ಆಗಿದ್ದದ್ದನ್ನು ಮಲಗುವ ಜಾಗ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಎಲ್ಲ ಮಾಡಿಸಿ, ಆರ್‌ಟಿಒದಲ್ಲಿ ಬರೆಸಿ ಮನೆಗಾಡಿ ಮಾಡಿಕೊಂಡಿದ್ದೇವೆ. ಹಿಂದಿನ ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಇಷ್ಟು ವರ್ಷದ ಭಾರಕ್ಕೆ ಸೋತಿದ್ದವು. ಪಟ್ಟಿ ಜಾಸ್ತಿ ಹಾಕಿದರೆ ಗಾಡಿ ಖಾಲಿ ಇದ್ದಾಗ ಕುಟ್ಟುತ್ತದೆ. ಅದಕ್ಕೇ ಚಾಸಿಸ್‌ಗೂ ಆಕ್ಸಲ್‌ಗೂ ಮಧ್ಯೆ ಒಂದೊಂದು ಕಡೆ ಒಂದೊಂದು ಏರ್ ಬ್ಯಾಗ್, ಜೊತೆಗೆ ಒಂದು ಪುಟ್ಟ ಕಂಪ್ರೆಸರ್. ನಮ್ಮ ಗಾಡಿಗೆ ಏರ್ ಬ್ರೇಕ್ ಇಲ್ಲ. ನಿಮ್ಮದಕ್ಕೆ ಇದ್ದರೆ ಬ್ರೇಕಿನ ಟ್ಯಾಂಕಿನಿಂದ ಸೀದಾ ಒಂದು ಪೈಪ್ ಎಳೆದು ಬ್ಯಾಗಿಗೆ ಕೊಡಬೇಡಿ. ಬ್ಯಾಗ್ ಸೋರಿದರೆ ಬ್ರೇಕಿನ ಗಾಳಿಯೂ ಹೋಗುತ್ತದೆ. ನಡುವೆ ಒತ್ತಡ ಕಾಯುವ ವಾಲ್ವ್ ಇರಲೇಬೇಕು. ಇದು ಘಟ್ಟದ ರಸ್ತೆ, ಆಟ ಅಲ್ಲ.

ಟಯರ್ ಗೇಜಿನಲ್ಲೇ ದಿನಾ ನೋಡಿಕೊಂಡರೆ ಆಯಿತಲ್ಲ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಟಯರಿನಲ್ಲಿ ತುಂಬಾ ಗಾಳಿ ಇರುತ್ತದೆ, ಗೇಜು ಹಚ್ಚುವಾಗ ಫುಸ್ ಅಂದದ್ದು ಲೆಕ್ಕಕ್ಕೇ ಬರುವುದಿಲ್ಲ. ಈ ಬ್ಯಾಗ್ ಸಣ್ಣದು. ಪ್ರತಿ ಸಲ ನೋಡಿದಾಗಲೂ ಎರಡು ಮೂರು ಪಿಎಸ್‌ಐ ಹೊರಗೆ ಹೋಗುತ್ತದೆ. ಮೇಲಾಗಿ ಮಳೆಗಾಲದಲ್ಲಿ ಕೆಸರಿನಲ್ಲಿ ಬಗ್ಗಿ ಗಾಡಿ ಕೆಳಗೆ ಕೈ ಹಾಕುವವರು ಯಾರು? ಅದಕ್ಕೆ ಡ್ಯಾಶ್‌ಬೋರ್ಡಿನಲ್ಲೇ ಗೇಜು ಬೇಕು, ಅದೂ ಎರಡು ಕಡೆಗೆ ಎರಡು.

ಅಂಕೋಲೆಯ ಮೇಸ್ತ್ರಿ ಮಾತ್ರ ಬೇರೆ ಹೇಳಿದರು. "ಹೆಗಡೇರೆ, ಎರಡಕ್ಕೂ ಸೇರಿಸಿ ಒಂದು ಟಿ ಹಾಕಿದ್ರೆ ಒಂದೇ ಗೇಜಲ್ಲಿ ಮುಗೀತದೆ." ಟಿ ಅಂದರೆ ಎರಡೂ ಬ್ಯಾಗಿನ ಪೈಪನ್ನು ಒಂದಾಗಿಸುವ ಮೂರು ಬಾಯಿಯ ಜೋಡಣೆ. ಖರ್ಚು ಕಡಿಮೆ, ನಿಜ. ಆದರೆ ಎರಡೂ ಬ್ಯಾಗಿಗೆ ಒಂದೇ ಗಾಳಿ ಅಂದರೆ ತಿರುವಿನಲ್ಲಿ ಏನಾಗುತ್ತದೆ ನೋಡಿ. ಭಾರ ಹೊರಗಿನ ಬದಿಗೆ ಬೀಳುತ್ತದೆ, ಆ ಬ್ಯಾಗ್ ಅಮುಕುತ್ತದೆ, ಅದರ ಗಾಳಿ ಆಚೆ ಬದಿಯ ಬ್ಯಾಗಿಗೆ ಓಡುತ್ತದೆ, ಗಾಡಿ ಇನ್ನಷ್ಟು ವಾಲುತ್ತದೆ. ದೇವಿಮನೆ, ಅರಬೈಲ್ ಇಂಥ ಘಟ್ಟಗಳಲ್ಲಿ ಓಡಾಡುವವರು ಟಿ ಹಾಕಿಸಲೇಬಾರದು. ಇದನ್ನು ಚಿತ್ರ ಬರೆದು ತೋರಿಸಿದ ಮೇಲೆ ಮೇಸ್ತ್ರಿ ಒಪ್ಪಿದರು.

ಇನ್ನು ಗೇಜು ನಿಜವಾಗಿ ಏನು ಹೇಳುತ್ತದೆ ಅನ್ನುವುದು. ಇದು ತಿಳಿದ ಮೇಲೆಯೇ ನನಗೆ ಯಾವುದನ್ನು ಕೊಳ್ಳಬೇಕು ಅಂತ ಗೊತ್ತಾದದ್ದು. ಅಮೆರಿಕದಲ್ಲಿ ಜಿಎಂಸಿ ಕಂಪನಿ 1973ರಿಂದ 1978ರವರೆಗೆ ಒಂದು ಮೋಟರ್‌ಹೋಮ್ ಮಾಡಿತ್ತು. ಇವತ್ತಿಗೂ ಅದನ್ನು ಪ್ರೀತಿಯಿಂದ ಓಡಿಸುವವರಿದ್ದಾರೆ. ಅದರ ಹಿಂಭಾಗಕ್ಕೆ ಕಮಾನು ಪಟ್ಟಿಯೇ ಇಲ್ಲ. ಒಂದೊಂದು ಬದಿಗೆ ಒಂದರ ಹಿಂದೆ ಒಂದು ಎರಡು ಚಕ್ರ, ಅವುಗಳ ನಡುವೆ ಒಂದು ಏರ್ ಬ್ಯಾಗ್, ಅಷ್ಟೇ. ಅಂಥ ಗಾಡಿಯಲ್ಲಿ ಪೂರ್ತಿ ಭಾರ ಹೊರುವುದು ಗಾಳಿ. ಭಾರ ಅಷ್ಟೇ ಇದ್ದರೆ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಿಧಾನ ಸೋರಿದರೆ ಗಾಡಿ ಕೆಳಗೆ ಇಳಿಯುತ್ತಾ ಹೋಗುತ್ತದೆ, ಮುಳ್ಳು ಮಾತ್ರ ಅಲ್ಲೇ ಆಸುಪಾಸಿನಲ್ಲಿ ನಿಂತಿರುತ್ತದೆ, ಗಾಡಿ ತಳಕ್ಕೆ ತಾಗುವ ತನಕ! ಅಲ್ಲಿ ಗೇಜು ಹೇಳುವುದು ತೂಕ, ಎತ್ತರ ಅಲ್ಲ. ಎತ್ತರಕ್ಕೆ ಟೇಪ್ ಹಿಡಿಯಬೇಕು.

ನಮ್ಮಂಥ ಗಾಡಿಯಲ್ಲಿ ಪಟ್ಟಿಯೂ ಇದೆ, ಬ್ಯಾಗೂ ಇದೆ. ಬ್ಯಾಗ್ ಸೋತರೆ ಆ ಭಾರವನ್ನು ಪಟ್ಟಿ ಹೊತ್ತುಕೊಳ್ಳುತ್ತದೆ, ಹಾಗಾಗಿ ಮುಳ್ಳು ಇಳಿಯುವುದು ಚೆನ್ನಾಗಿ ಕಾಣುತ್ತದೆ. ಅಂದರೆ ನನಗೆ ಬೇಕಾದದ್ದು ಎರಡೇ. ಎಡ ಬಲದ ವ್ಯತ್ಯಾಸ ಕಣ್ಣಿಗೆ ಬೀಳಬೇಕು, ಐದು ಪಿಎಸ್‌ಐ ಇಳಿದರೂ ಓಡಿಸುತ್ತಿದ್ದಾಗಲೇ ಗೊತ್ತಾಗಬೇಕು.

ಮೊದಲು ತಂದದ್ದು 0ರಿಂದ 300ರ ಗೇಜು, ವರ್ಕ್‌ಶಾಪಿನ ಕಂಪ್ರೆಸರಿಗೆ ಹಾಕುವಂಥದ್ದು. ಅಂಗಡಿಯಲ್ಲಿ ಅದೇ ಇತ್ತು, ದೊಡ್ಡದಿದ್ದರೆ ಒಳ್ಳೆಯದೇ ಅಂದುಕೊಂಡೆ. ತಪ್ಪು. ಗೇಜಿನ ತಪ್ಪಿನ ಮಿತಿಯನ್ನು ಹೇಳುವುದು ಪೂರ್ತಿ ಅಳತೆಯ ಶೇಕಡಾ ಇಷ್ಟು ಅಂತ, ಮುಳ್ಳು ತೋರಿಸುವ ಅಂಕಿಯ ಮೇಲೆ ಅಲ್ಲ. ಡಯಲಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲಾಸ್ 1.6 ಅಥವಾ 2.5 ಅಂತ ಇರುತ್ತದೆ. 300ರ ಗೇಜು 2.5 ಕ್ಲಾಸಿನದ್ದಾದರೆ ಏಳೂವರೆ ಪಿಎಸ್‌ಐ ಆಚೀಚೆ ಆದರೂ ಅದು ಸರಿಯಾದ ಗೇಜೇ! ನಾನು ಹಿಡಿಯಬೇಕೆಂದಿದ್ದದ್ದೇ ಐದರ ವ್ಯತ್ಯಾಸ. ಅದೇ 150ರ ಗೇಜು 1.6 ಕ್ಲಾಸಿನದ್ದಾದರೆ ತಪ್ಪು ಹೆಚ್ಚೆಂದರೆ 2.4. ಇಂಥ ಸಹಾಯಕ ಬ್ಯಾಗುಗಳಲ್ಲಿ ಹೆಚ್ಚಿನವಕ್ಕೆ ಮೇಲಿನ ಮಿತಿ 100 ಪಿಎಸ್‌ಐ, ಖಾಲಿ ಓಡಿಸುವಾಗಲೂ 5 ಇರಲೇಬೇಕು. ನಿಮ್ಮ ಕಿಟ್ಟಿನ ಚೀಟಿ ನೋಡಿಕೊಳ್ಳಿ. ಆ 100 ಕೂಡ ಡಯಲಿನೊಳಗೆ ಆರಾಮಾಗಿ ಬರಬೇಕು, ದಿನದ ಒತ್ತಡ ಡಯಲಿನ ನಡುಭಾಗದಲ್ಲಿ ಬೀಳಬೇಕು. ನನಗೆ 150ರದ್ದೇ ಸರಿ ಅನಿಸಿತು. ನಮ್ಮಲ್ಲಿ ಸಿಗುವ ಬಹಳಷ್ಟು ಗೇಜುಗಳಲ್ಲಿ ಕೆಜಿ ಅಳತೆಯೂ ಇರುತ್ತದೆ. ಒಂದು ಚದರ ಸೆಂಟಿಮೀಟರಿಗೆ 1 ಕೆಜಿ ಅಂದರೆ 14.2 ಪಿಎಸ್‌ಐ. 1 ಬಾರ್ ಅಂದರೆ 14.5.

ಎರಡನೇದ್ದು 150ರದ್ದೇ. ಆದರೆ ಒಳಗೆ ದ್ರವ ತುಂಬದ ಒಣ ಗೇಜು, ತಗಡಿನ ಡಬ್ಬಿ. ಗಾಡಿ ನಿಲ್ಲುವುದು ಕಾರವಾರದಲ್ಲಿ, ಮನೆಯಿಂದ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನ ಒಳಗೆ ಬೆವರು, ಅಂಚಿಗೆಲ್ಲ ತುಕ್ಕು. ಅಷ್ಟೇ ಆಗಿದ್ದರೆ ಒರೆಸಿಕೊಂಡು ಇರಬಹುದಿತ್ತು. ಮುಳ್ಳು ಎಲ್ಲೆಂದರಲ್ಲಿ ಸಿಕ್ಕಿಹಾಕಿಕೊಳ್ಳಲು ಶುರುವಾಯಿತು. ಗಾಜಿಗೆ ಬೆರಳಿನಿಂದ ತಟ್ಟಿದರೆ ಹತ್ತು ಪಿಎಸ್‌ಐ ಹಾರುತ್ತಿತ್ತು.

ಬಿಚ್ಚಿ ನೋಡಿದೆ. ಒಳಗೆ ಇರುವುದು ಬೋರ್ಡಾನ್ ಕೊಳವೆ. ಫ್ರಾನ್ಸಿನ ಯುಜೀನ್ ಬೋರ್ಡಾನ್ 1849ರಲ್ಲಿ ಪೇಟೆಂಟ್ ಮಾಡಿಸಿದ್ದು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಸಿಗುತ್ತದಲ್ಲ, ಅದೇ ಉಪಾಯ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆ, ಒಳಗೆ ಒತ್ತಡ ಹೆಚ್ಚಿದರೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿ ಕೂದಲೆಳೆಯಷ್ಟು ಅಲುಗಿದ್ದನ್ನು ಪುಟ್ಟ ಹಲ್ಲಿನ ಚಕ್ರಗಳು ದೊಡ್ಡದು ಮಾಡಿ ಮುಳ್ಳಿಗೆ ಕೊಡುತ್ತವೆ. ಇಷ್ಟು ವರ್ಷವಾದರೂ ಅದೇ ನಡೆಯುತ್ತಿದೆ, ಎಷ್ಟು ಚಂದದ ಕೆಲಸ ಅಲ್ವಾ! ಆದರೆ ಆ ಹಲ್ಲುಗಳಿಗೆ ಉಪ್ಪು ಗಾಳಿ ತಾಗಿದರೆ ಮುಗಿಯಿತು. ಹೊಂಡದ ರಸ್ತೆಯಲ್ಲಿ ಮುಳ್ಳು ಗಡಗಡ ನಡುಗಿದರೆ ಸವೆಯುವುದೂ ಅವೇ ಹಲ್ಲುಗಳು.

ಹಾಗಾಗಿ ಮೂರನೇ ಸಲ ಗ್ಲಿಸರಿನ್ ತುಂಬಿದ, ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯ ಗೇಜು ತಂದೆ, 63 ಮಿಲಿಮೀಟರಿನದ್ದು, ಎರಡು. ಒಳಗೆ ಗ್ಲಿಸರಿನ್ ಇದ್ದರೆ ಮುಳ್ಳು ನಡುಗುವುದಿಲ್ಲ, ತೇವಕ್ಕೆ ಜಾಗವೂ ಇಲ್ಲ. ಕರಾವಳಿಯವರಿಗೆ ಬೇರೆ ಯೋಚನೆಯೇ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರ ಮಾತ್ರ ಬೇಕು. ಬಿಸಿಲಿಗೆ ಗ್ಲಿಸರಿನ್ ಹಿಗ್ಗಿ ಡಬ್ಬಿಯೊಳಗೆ ಒತ್ತಡ ಕಟ್ಟುತ್ತದೆ, ಆಗ ಮುಳ್ಳು ಸುಳ್ಳು ಹೇಳುತ್ತದೆ. ಮೇಲೆ ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಗೇಜನ್ನು ನೆಟ್ಟಗೆ ಕೂರಿಸಿದ ಮೇಲೆ ಅದನ್ನು ಉಸಿರಾಡುವಂತೆ ಮಾಡಬೇಕು. ಕೆಲವಕ್ಕೆ ತುದಿ ಕತ್ತರಿಸಬೇಕು, ಕೆಲವಕ್ಕೆ ತಿರುಗಿಸಬೇಕು.

ಒಂದೇ ಡಯಲಿನಲ್ಲಿ ಎರಡು ಮುಳ್ಳಿನ ಗೇಜೂ ಸಿಗುತ್ತದೆ, ಎಡಕ್ಕೊಂದು ಬಲಕ್ಕೊಂದು. ವ್ಯತ್ಯಾಸ ನೋಡಲು ಅದರಷ್ಟು ಸುಲಭ ಇನ್ನೊಂದಿಲ್ಲ. ಗ್ಲಿಸರಿನ್ ತುಂಬಿದ್ದು ನನಗೆ ಸಿಗಲಿಲ್ಲ, ಅದಕ್ಕೆ ಬಿಟ್ಟೆ. ಒಳನಾಡಿನಲ್ಲಿ ಇದ್ದಿದ್ದರೆ ಅದನ್ನೇ ಕೊಳ್ಳುತ್ತಿದ್ದೆ.

ಗಾಳಿ ಪೈಪನ್ನು ಡ್ಯಾಶ್‌ಬೋರ್ಡಿನ ತನಕ ತರುವುದಾ, ಇಲ್ಲ ಬ್ಯಾಗಿನ ಹತ್ತಿರ ಸೆನ್ಸರ್ ಇಟ್ಟು ವೈರ್ ತರುವುದಾ? ಸೆನ್ಸರಿನದ್ದು ಅನುಕೂಲವೇ, ಒಳಗೆ ಗಾಳಿಯ ಜೋಡಣೆ ಇರುವುದಿಲ್ಲ. ಆದರೆ ಸೆನ್ಸರ್ ಮತ್ತು ಗೇಜು ಒಂದಕ್ಕೊಂದು ಹೊಂದಬೇಕು. ಒತ್ತಡ ಏರಿದಂತೆ ಸೆನ್ಸರಿನ ವಿದ್ಯುತ್ ರೋಧ ಯುರೋಪಿನ ಎಷ್ಟೋ ಗೇಜುಗಳಿಗೆ 10ರಿಂದ 180 ಓಮ್‌ಗೆ ಏರಬೇಕು, ಅಮೆರಿಕದವಕ್ಕೆ 240ರಿಂದ 33 ಓಮ್‌ಗೆ ಇಳಿಯಬೇಕು. ಬೇರೆ ಬೇರೆ ಕೊಂಡರೆ ಮುಳ್ಳು ಉಲ್ಟಾ ಓಡುತ್ತದೆ. ಗಾಡಿಯಡಿಯ ವೈರಿನ ಜೋಡಣೆಗಳಿಗೆ ಉಪ್ಪು ಕೂರುವುದನ್ನು ನೋಡಿ ನೋಡಿ ಸಾಕಾಗಿದ್ದರಿಂದ ನಾನು ಪೈಪೇ ಆರಿಸಿಕೊಂಡೆ, 6 ಮಿಲಿಮೀಟರಿನ ನೈಲಾನ್. ಗೇಜಿನ ಪೈಪ್ ಒಡೆದರೂ ಬ್ಯಾಗ್ ಖಾಲಿಯಾಗಬಾರದು, ಅದಕ್ಕೆ ಬ್ಯಾಗಿನ ಬುಡದಲ್ಲೇ ಗೇಜಿನ ಪೈಪಿಗೆ ಒಂದೊಂದು ಪುಟ್ಟ ವಾಲ್ವ್ ಹಾಕಿಸಿದೆ.

ಅವತ್ತು ಘಟ್ಟದಲ್ಲಿ ಸೋರಿದ್ದು ಎಲ್ಲಿಂದ ಅಂದರೆ ಒಂದು ಫಿಟಿಂಗಿನ ಥ್ರೆಡ್ಡಿನಿಂದ. ಕಿಟ್ಟಿನದ್ದು 1/8 ಇಂಚಿನ ಅಮೆರಿಕದ ಅಳತೆ, ಎನ್‌ಪಿಟಿ, ಅಂಗಡಿಯಲ್ಲಿ ಕೊಟ್ಟದ್ದು 1/8 ಇಂಚಿನ ಬ್ರಿಟಿಷ್ ಅಳತೆ, ಬಿಎಸ್‌ಪಿ. ಒಂದರಲ್ಲಿ ಇಂಚಿಗೆ 27 ಸುತ್ತು, ಇನ್ನೊಂದರಲ್ಲಿ 28. ಹಲ್ಲಿನ ಕೋನ ಒಂದಕ್ಕೆ 60 ಡಿಗ್ರಿ, ಇನ್ನೊಂದಕ್ಕೆ 55. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ ಸರಿಯಾಯಿತು ಅನ್ನಿಸುತ್ತದೆ. ನಡುಗುವ ಗಾಡಿಯಲ್ಲಿ ಅದು ನಿಲ್ಲುವುದಿಲ್ಲ. ಗೇಜು ಕೊಳ್ಳುವಾಗ ಫಿಟಿಂಗನ್ನು ಕೈಯಲ್ಲೇ ಒಯ್ದು ಕೂರಿಸಿ ನೋಡಿ. ಎಲ್ಲ ಆದ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಬರಲು ಕೆಲವೊಮ್ಮೆ ಒಂದು ನಿಮಿಷ ಬೇಕು, ಕಾಯಿರಿ.

ಕೂರಿಸುವ ಮೊದಲು ಎರಡೂ ಗೇಜುಗಳನ್ನು ಒಂದೇ ಪೈಪಿಗೆ ಜೋಡಿಸಿ 20, 40, 60, 80ರಲ್ಲಿ ನೋಡಿದೆ. ಎರಡೂ ಒಂದೇ ಹೇಳಬೇಕು. ನಿಜವಾದ ಒತ್ತಡಕ್ಕಿಂತ ಎರಡು ಹೆಚ್ಚೋ ಕಡಿಮೆಯೋ ಇದ್ದರೂ ನಡೆಯುತ್ತದೆ, ಒಂದಕ್ಕೊಂದು ಒಪ್ಪದಿದ್ದರೆ ಎಡ ಬಲ ಹೋಲಿಸುವುದೇ ಸುಮ್ನೆ. ಆಮೇಲೆ ಸಾಮಾನು, ನೀರು ಎಲ್ಲ ತುಂಬಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಬಾಡಿಯ ಅಂಚಿನ ತನಕ ಟೇಪ್ ಹಿಡಿದು ಎರಡೂ ಬದಿ ಒಂದೇ ಎತ್ತರಕ್ಕೆ ತಂದೆ. ಆಗ ಎಡಕ್ಕೆ 54, ಬಲಕ್ಕೆ 42. ನೀರಿನ ಟ್ಯಾಂಕೂ ಅಡುಗೆ ಕಟ್ಟೆಯೂ ಎಡಕ್ಕೇ ಇವೆ. ಎರಡೂ ಕಡೆ 50 ಇಟ್ಟುಕೊಂಡು ಇಷ್ಟು ದಿನ ಗಾಡಿಯನ್ನು ಓರೆಯಾಗಿಯೇ ಓಡಿಸಿದ್ದೆ. ಆ ಎರಡು ಜಾಗಕ್ಕೆ ಗಾಜಿನ ಮೇಲೆ ಕೆಂಪು ಗೆರೆ ಹಾಕಿದ್ದೇನೆ.

ಡಿಸೆಂಬರಿನಲ್ಲಿ ಶಿರಸಿಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ನೋಡಿದರೆ ಮುಳ್ಳು ಗೆರೆಗಿಂತ ಸುಮಾರು ಮೂರು ಕೆಳಗೆ. ಸೋರಿಕೆ ಅಲ್ಲ. ಕಾರವಾರದ ಮಧ್ಯಾಹ್ನಕ್ಕೂ ಶಿರಸಿಯ ಬೆಳಗಿಗೂ 18 ಡಿಗ್ರಿ ವ್ಯತ್ಯಾಸ ಇದ್ದರೆ ಚಳಿಗೇ ನಾಲ್ಕರ ಹತ್ತಿರ ಇಳಿಯುತ್ತದೆ. ಶಿರಸಿ ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡ ಅಲ್ಲಿ ಕಡಿಮೆ, ಅದಕ್ಕೆ ಗೇಜು ಒಂದು ಜಾಸ್ತಿ ತೋರಿಸುತ್ತದೆ. ಅವತ್ತು ಎರಡೂ ಮುಳ್ಳು ಒಟ್ಟಿಗೆ ಇಳಿದಿದ್ದವು. ಹಾಗಾದರೆ ಕೈ ಹಾಕುವುದಿಲ್ಲ. ಒಂದೇ ಇಳಿದರೆ ಅಲ್ಲೇ ನಿಲ್ಲಿಸಿ ಸೋಪಿನ ನೀರಿನ ಬಾಟಲಿ ತೆಗೆಯುತ್ತೇನೆ. ಅದು ಈಗ ಅಪ್ಪೆಮಿಡಿ ಭರಣಿಯ ಪಕ್ಕದಲ್ಲೇ ಇರುತ್ತದೆ.